ಗರಿಷ್ಠ ವೇಗದ ಜಂಬ ಸಾಕು

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ಹಾಯಿದೋಣಿ ಓಡಿಸೋ ಗೆಳೆಯರೇ, ಫೋನ್ ತೋರಿಸಿ "ನಂದು 10 ನಾಟ್ ಮುಟ್ತು" ಅನ್ನೋದನ್ನ ದಯವಿಟ್ಟು ನಿಲ್ಲಿಸಿ. ಜಿಪಿಎಸ್ ನೀರಿನ ಸೆಳೆತವನ್ನೂ ಸೇರಿಸಿಯೇ ಅಳೆಯುತ್ತೆ. ಗೋಲ್ಡನ್ ಗೇಟ್ ಕೆಳಗೆ ಇಳಿತದ ಹೊತ್ತಲ್ಲಿ ಮೂರ್ನಾಲ್ಕು ನಾಟ್ ಪುಕ್ಕಟೆ. ನೀರಿನ ಮಟ್ಟದಲ್ಲಿ 25 ಅಡಿ ಉದ್ದವಿರುವ ಭಾರದ ದೋಣಿಯ ಮಿತಿ ಸುಮಾರು 6.7 ನಾಟ್: 25ರ ವರ್ಗಮೂಲವನ್ನು 1.34ರಿಂದ ಗುಣಿಸಿ ನೋಡಿ. ಡೇಟಾ ಕೆಲಸದವನಾಗಿ ಹೇಳ್ತೀನಿ, ಗರಿಷ್ಠ ಸಂಖ್ಯೆ ಒಂದು ಕ್ಷಣದ್ದು. ಅದರಿಂದ ಏನೂ ಸಾಬೀತಾಗಲ್ಲ.

"ಗೆರೆ ಮೊದಲು ದಾಟಿದವನೇ ಗೆದ್ದ, ಹ್ಯಾಂಡಿಕ್ಯಾಪ್ ಮೋಸ" ಅನ್ನೋರೂ ಇದ್ದಾರೆ. ಮೋಸ ಅಲ್ಲ ಸ್ವಾಮಿ. ಪಿಎಚ್‌ಆರ್‌ಎಫ್ ಪದ್ಧತಿ ನಿಧಾನದ ದೋಣಿಗೆ ನಾಟಿಕಲ್ ಮೈಲಿಗೆ ಇಷ್ಟು ಸೆಕೆಂಡ್ ಅಂತ ವಿನಾಯಿತಿ ಕೊಡುತ್ತೆ. ಹಳೇ ದೋಣಿಯ ಹೊಸಬರಿಗೂ ಗೆಲ್ಲೋ ಆಸೆ ಉಳಿಯೋದು ಅದರಿಂದಲೇ. ಇಲ್ಲದಿದ್ರೆ ಗೆಲ್ಲೋದು ದುಡ್ಡು, ಕೈಚಳಕವಲ್ಲ. ಜಂಬ ಬೇಕೇ ಬೇಕಂದ್ರೆ ವಿನಾಯಿತಿ ಕಳೆದ ಸಮಯ ತೋರಿಸಿ.