ಗಾಜಿಗೆ ತೂಗುಹಾಕಲು ಒಂದು ಕಾರ್ಡು ಕೊಡಿ

ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವರಿಗೆ,



ನನಗೆ ಅರವತ್ತಾರು. ಮೂರನೇ ವರ್ಷಕ್ಕೇ ಪೋಲಿಯೊ ತಗುಲಿ ಎಡಗಾಲು ಸೊರಗಿತು. ಕ್ಯಾಲಿಪರ್ ಬಿಗಿದುಕೊಂಡೇ ಧಾರವಾಡದ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದೆ. ಹೋದ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಮಗಳ ಮನೆಗೆ ಹೋಗಿದ್ದೆ. ಅಲ್ಲೊಂದು ದಿನಸಿ ಅಂಗಡಿ. ಬಾಗಿಲಿನೆದುರೇ ನೀಲಿ ಗೆರೆ, ಗಾಲಿಕುರ್ಚಿಯ ಚಿತ್ರ, ಖಾಲಿ ಜಾಗ. ಮಗಳು ಅದನ್ನು ದಾಟಿ ಹೋಗಿ, ಜಾತ್ರೆಯ ಬಯಲಿನಂಥ ಪಾರ್ಕಿಂಗಿನ ಆಚೆ ತುದಿಗೆ ಕಾರು ನಿಲ್ಲಿಸಿದಳು. “ಅಪ್ಪಾ, ಗಾಜಿಗೆ ತೂಗುಹಾಕೋ ಪ್ಲಕಾರ್ಡ್ ಇಲ್ದ ಅಲ್ಲಿ ನಿಲ್ಲಿಸಿದ್ರ ಕಮ್ಮಿ ಅಂದ್ರೂ 250 ಡಾಲರ್ ದಂಡ ಬೀಳತದ.” ನಾನು ಜೇಬಿನಿಂದ ಯುಡಿಐಡಿ ಕಾರ್ಡು ತೆಗೆದೆ. ಅವಳು ನಕ್ಕಳು.

ನಕ್ಕದ್ದು ಸರಿಯೇ. ನನ್ನ ಊನ ಯಾವುದು, ಶೇಕಡಾ ಎಷ್ಟು ಎಂದು ಹೇಳುವ ಕಾರ್ಡು ಅದು. ಕಾರು ನಿಲ್ಲಿಸುವ ವಿಚಾರ ಅದರಲ್ಲಿಲ್ಲ.

ಬೇರೆ ದೇಶಗಳು ಕೊಟ್ಟ ಪಾರ್ಕಿಂಗ್ ಕಾರ್ಡನ್ನೂ ರಾಜ್ಯಗಳು ಮಾನ್ಯ ಮಾಡಬೇಕೆಂದು ಅಮೆರಿಕದ 1991ರ ಫೆಡರಲ್ ನಿಯಮದಲ್ಲಿದೆ. ಒಪ್ಪಿಕೊಳ್ಳಲು ಅವರು ತಯಾರು, ತೋರಿಸಲು ನಮ್ಮ ಹತ್ತಿರ ಏನೂ ಇಲ್ಲ! ಹೊರಗಿನಿಂದ ಬಂದವರಿಗೆಂದೇ ಕ್ಯಾಲಿಫೋರ್ನಿಯಾ 90 ದಿನಗಳ ಪ್ರವಾಸಿ ಪ್ಲಕಾರ್ಡ್ ಕೊಡುತ್ತದಂತೆ. ಅದು ತಿಳಿಯುವ ಹೊತ್ತಿಗೆ ನಾನು ಪೆಟ್ಟಿಗೆ ಕಟ್ಟುತ್ತಿದ್ದೆ. ಯುರೋಪಿನವರು 1998ರಲ್ಲೇ ಒಂದೇ ಮಾದರಿಯ ನೀಲಿ ಕಾರ್ಡು ಶಿಫಾರಸು ಮಾಡಿಕೊಂಡರು. ಬೆಲ್ಜಿಯಂನವನ ಕಾರ್ಡು ಪೋರ್ಚುಗಲ್‌ನಲ್ಲೂ ನಡೆಯುತ್ತದೆ. ಅದು ಸಿಗುವುದು ಮನುಷ್ಯನಿಗೆ, ಗಾಡಿಗಲ್ಲ.

ನಮ್ಮಲ್ಲಿ ಎಲ್ಲ ಗಾಡಿಗೇ ಅಂಟಿಕೊಂಡಿದೆ. 2020ರಿಂದ ನೋಂದಣಿ ಅರ್ಜಿಯಲ್ಲಿ ‘ದಿವ್ಯಾಂಗಜನ’ ಎಂದು ಬರೆಸಬಹುದು, ಸಂತೋಷ. ಆದರೆ ಗಾಡಿ ಧಾರವಾಡದಲ್ಲಿ, ನಾನು ವಿಮಾನದಲ್ಲಿ. ವಿದೇಶವೇಕೆ, ತಂಗಿಯ ಮಗನ ಕಾರಿನಲ್ಲಿ ಹುಬ್ಬಳ್ಳಿಗೆ ಹೋದರೂ ಕಾವಲುಗಾರ ಗಾಲಿ ಎಣಿಸುತ್ತಾನೆ. ಅಂಗವಿಕಲರ ಮೂರು ಗಾಲಿಯ ಗಾಡಿಯಲ್ಲದಿದ್ದರೆ ನನ್ನನ್ನು ನಂಬುವುದಿಲ್ಲ.

ಯುಡಿಐಡಿಯ ಮಾಹಿತಿಯೆಲ್ಲ ನಿಮ್ಮಲ್ಲೇ ಇದೆ. ಓಡಾಡಲು ಕಷ್ಟವಿರುವವರಿಗೆ ಅದರ ಜತೆಗೇ ಒಂದು ಪಾರ್ಕಿಂಗ್ ಕಾರ್ಡು ಕೊಡಿ: ಮುಂದೆ ಗಾಲಿಕುರ್ಚಿಯ ಚಿಹ್ನೆ, ಸಂಖ್ಯೆ, ಅವಧಿ, ಇಂಗ್ಲಿಷಿನಲ್ಲೂ ನಾಲ್ಕು ಸಾಲು, ಹಿಂದೆ ಫೋಟೊ. ಫೋಟೊ ಬೇಕೇ ಬೇಕು. ಅಪ್ಪನ ಕಾರ್ಡು ಹಾಕಿಕೊಂಡು ಸಿನಿಮಾಕ್ಕೆ ಹೋಗುವ ಮಕ್ಕಳು ನಮ್ಮಲ್ಲೂ ಹುಟ್ಟಿಯೇ ಹುಟ್ಟುತ್ತಾರೆ. ಆಮೇಲೆ ರಾಯಭಾರ ಕಚೇರಿಗಳ ಮೂಲಕ ಅದರ ಮಾದರಿಯನ್ನು ಉಳಿದ ದೇಶಗಳಿಗೂ ಕಳಿಸಿ.

ಬರುವ ಏಪ್ರಿಲ್‌ಗೆ ಮಗಳು ಮತ್ತೆ ಟಿಕೆಟ್ ಮಾಡಿದ್ದಾಳೆ. ಅಷ್ಟರೊಳಗೆ ಆದೀತೇ?

ಇಂತಿ,
ಧಾರವಾಡದ ಒಬ್ಬ ನಿವೃತ್ತ ಮಾಸ್ತರ