ಕಥೆಯ ಪಿಶಾಚಿಯೂ ಶ್ರಾವಕರ ದುಶ್ರುತಿಯೂ

ಮಕ್ಕಳ ಕೈಯಲ್ಲಿ ಕಿನ್ನರಿಯರ, ರಕ್ತಪಿಶಾಚಿಗಳ ಕಥೆಪುಸ್ತಕವನ್ನು ಕಂಡೊಡನೆ ಹುಬ್ಬು ಗಂಟಿಕ್ಕುವ ಹಿರಿಯರು ಜೈನ ಮನೆಗಳಲ್ಲಿ ಕಡಿಮೆಯೇನಿಲ್ಲ. ಇವು ಮಿಥ್ಯಾತ್ವವನ್ನು ಬಿತ್ತುವ ಪುಸ್ತಕಗಳು, ಇವನ್ನು ಓದುವುದು ದುಶ್ರುತಿ, ಬಸದಿಯ ಪಾಠಶಾಲೆಯ ಕಪಾಟಿಗೆ ಇವು ಸಲ್ಲವು ಎಂಬುದು ಅವರ ವಾದ. ಈ ವಾದಕ್ಕೆ ಶಾಸ್ತ್ರಾಧಾರವಿಲ್ಲವೆಂದು ಹೇಳುವಂತಿಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡದ ಐದು ಬಗೆಗಳಲ್ಲಿ ದುಶ್ರುತಿಯನ್ನೂ ಎಣಿಸಿದೆ. ರಾಗ, ದ್ವೇಷ, ಮದ, ಮಿಥ್ಯಾತ್ವ ಮುಂತಾದವುಗಳಿಂದ ಚಿತ್ತವನ್ನು ಕಲುಷಿತಗೊಳಿಸುವ ಗ್ರಂಥಶ್ರವಣವೇ ದುಶ್ರುತಿ. ಗಮನಿಸಬೇಕಾದುದು ಇಷ್ಟೇ: ಆಚಾರ್ಯರು ಹಿಡಿದ ಅಳತೆಗೋಲು ಕಥೆಯಲ್ಲಿ ಯಾರು ಬರುತ್ತಾರೆಂಬುದಲ್ಲ, ಓದುವವನ ಚಿತ್ತ ಏನಾಗುತ್ತದೆಂಬುದು. ಈ ಅಳತೆಗೋಲನ್ನು ಪಕ್ಕಕ್ಕಿಟ್ಟು ಕೇವಲ ಮುಖಪುಟವನ್ನು ನೋಡಿ ತೀರ್ಪು ಕೊಡುವುದು ಶಾಸ್ತ್ರಕ್ಕೆ ಸಲ್ಲಿಸುವ ಗೌರವವಲ್ಲ.

ಮೊದಲಿಗೆ ಆ ಪುಸ್ತಕಗಳಲ್ಲಿ ಇರುವುದಾದರೂ ಏನು? ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ ‘ಡ್ರಾಕುಲಾ’ ದೊಡ್ಡವರಿಗಾಗಿ ಬರೆದ ಭೀತಿಯ ಕಥೆ. ಅದನ್ನು ಎಳೆಯರ ಕೈಗೆ ಕೊಡಬಾರದೆಂದರೆ ಯಾರೂ ಆಕ್ಷೇಪಿಸಲಾರರು. ಆದರೆ ಎಳೆಯರಿಗಾಗಿಯೇ ಬರೆದ ಕಥೆಗಳ ದಾರಿ ಬೇರೆ. ಅಮೆರಿಕದ ಡೆಬೊರಾ ಮತ್ತು ಜೇಮ್ಸ್ ಹೋವ್ ದಂಪತಿಗಳು ಬರೆದ, 1979ರಲ್ಲಿ ಪ್ರಕಟವಾದ ‘ಬನ್ನಿಕುಲಾ’ದಲ್ಲಿ ಪಿಶಾಚಿಯೆಂಬ ಸಂಶಯಕ್ಕೆ ಗುರಿಯಾಗುವುದು ಒಂದು ಮೊಲ. ಅದು ಹೀರುವುದು ರಕ್ತವನ್ನಲ್ಲ, ತರಕಾರಿಗಳ ರಸವನ್ನು. ಮನೆಯ ಬೆಕ್ಕು ಪುಸ್ತಕಗಳನ್ನು ಓದಿ ಹೆದರಿ, ಆ ಮೊಲಕ್ಕೆ ಆಹಾರ ಸಿಗದಂತೆ ಅಡ್ಡಗಟ್ಟುತ್ತದೆ. ಹಸಿವಿನಿಂದ ಕುಗ್ಗುತ್ತಿರುವ ಮೊಲವನ್ನು ಕಂಡು ಮರುಗಿ ಅದಕ್ಕೆ ಉಣಿಸಲು ಮುಂದಾಗುವುದು ಮನೆಯ ನಾಯಿ. ಇಂಗ್ಲೆಂಡಿನ ಹ್ಯಾರಿಯೆಟ್ ಮನ್‌ಕಾಸ್ಟರ್ 2016ರಲ್ಲಿ ಆರಂಭಿಸಿದ ‘ಇಸಡೋರಾ ಮೂನ್’ ಮಾಲೆಯ ಬಾಲಕಿಗೆ ತಾಯಿ ಕಿನ್ನರಿ, ತಂದೆ ರಕ್ತಪಿಶಾಚಿ. ಕಿನ್ನರಿಯರ ಶಾಲೆಗೂ ಪಿಶಾಚಿಗಳ ಶಾಲೆಗೂ ಹೊಂದಿಕೊಳ್ಳಲಾರದೆ ಅವಳು ಕೊನೆಗೆ ಮನುಷ್ಯ ಮಕ್ಕಳ ಶಾಲೆಯಲ್ಲಿ ನೆಲೆ ಕಾಣುತ್ತಾಳೆ. ಭಯವೇ ಕ್ರೌರ್ಯಕ್ಕೆ ತಾಯಿ ಎಂಬುದನ್ನು ಒಂದು ಕಥೆ ನಗಿಸುತ್ತಲೇ ಕಲಿಸಿದರೆ, ಎಲ್ಲರಂತೆ ಇರದವರನ್ನೂ ಎಲ್ಲರೊಡನೆ ಕೂರಿಸಬೇಕೆಂಬುದನ್ನು ಇನ್ನೊಂದು ಕಲಿಸುತ್ತದೆ. ಇದರಲ್ಲಿ ಚಿತ್ತವನ್ನು ಕಲುಷಿತಗೊಳಿಸುವಂಥದು ಯಾವುದು?

ಇನ್ನು ಮಿಥ್ಯಾತ್ವದ ಮಾತು. ಕಿನ್ನರ, ಕಿಂಪುರುಷ, ಮಹೋರಗ, ಗಂಧರ್ವ, ಯಕ್ಷ, ರಾಕ್ಷಸ, ಭೂತ, ಪಿಶಾಚ ಎಂಬ ಎಂಟು ಬಗೆಯ ವ್ಯಂತರದೇವರನ್ನು ತತ್ತ್ವಾರ್ಥಸೂತ್ರವೇ ಹೆಸರಿಸಿದೆ. ಹತ್ತೊಂಬತ್ತು ಕಥೆಗಳ ‘ವಡ್ಡಾರಾಧನೆ’ಯಲ್ಲಿ ಮಡಿದ ತಾಯಿ ಹುಲಿಯಾಗಿ ಹುಟ್ಟಿ, ತಪೋನಿರತನಾದ ಮಗ ಸುಕೌಶಳಸ್ವಾಮಿಯ ದೇಹವನ್ನು ತಿನ್ನುತ್ತಾಳೆ. ಜನ್ನನು 1209ರಲ್ಲಿ ರಚಿಸಿದ ‘ಯಶೋಧರಚರಿತೆ’ಯಲ್ಲಿ ಹಿಟ್ಟಿನ ಕೋಳಿಯೊಳಗೆ ಬೆಂತರವೊಂದು ಹೊಕ್ಕು, ಕತ್ತಿಯ ಏಟು ಬಿದ್ದಾಗ ಕೋಳಿ ಕೂಗುತ್ತದೆ. ಶ್ರವಣಬೆಳಗೊಳದ ಗುಳ್ಳಕಾಯಜ್ಜಿಯ ಕಿರುಪಾತ್ರೆಯ ಹಾಲು ಬಾಹುಬಲಿಯ ಬೃಹನ್ಮೂರ್ತಿಯನ್ನೇ ತೋಯಿಸಿದ ಐತಿಹ್ಯವನ್ನು ಕೇಳದೆ ಬೆಳೆದ ಜೈನ ಮಗುವುಂಟೆ? ಅದ್ಭುತವನ್ನೇ ದೋಷವೆಂದರೆ ಮೊದಲು ಮುಚ್ಚಬೇಕಾದುದು ಈ ಭಂಡಾರವನ್ನು. ಪೂರ್ವಾಚಾರ್ಯರು ಅದ್ಭುತಕ್ಕೆ ಅಂಜಲಿಲ್ಲ. ಅದನ್ನು ಕರುಣೆಯ ವಾಹನವಾಗಿ ಮಾಡಿಕೊಂಡರು.

ಮಿಥ್ಯಾತ್ವವೆಂದರೆ ತಪ್ಪು ಶ್ರದ್ಧೆ, ಕಲ್ಪನೆಯಲ್ಲ. ತರಕಾರಿಯ ರಸ ಹೀರುವ ಮೊಲದ ಕಥೆಯನ್ನೋದಿದ ಮಗು ಆ ಮೊಲಕ್ಕೆ ಹರಕೆ ಹೊರುವುದಿಲ್ಲ. ವ್ಯಾಪಾರ ಕುದುರಲೆಂದು, ನೆರೆಯವನ ದೃಷ್ಟಿ ತಾಗದಿರಲೆಂದು ತಾಯಿತ ಕಟ್ಟಿಸುವವರು, ಫಲಾಪೇಕ್ಷೆಯಿಂದ ದೇವತೆಗಳೊಡನೆ ಚೌಕಾಶಿ ನಡೆಸುವವರು ಹಿರಿಯರೇ ಹೊರತು ಮಕ್ಕಳಲ್ಲ. ಇದಕ್ಕೆ ಸಮಂತಭದ್ರರು ಲೋಕಮೂಢತೆ, ದೇವಮೂಢತೆ ಎಂದು ಹೆಸರಿಟ್ಟರು. ತಾಯಿತ ಕಟ್ಟಿದ ಕೈಯಿಂದಲೇ ಮಗುವಿನ ಕಥೆಪುಸ್ತಕವನ್ನು ಕಿತ್ತುಕೊಳ್ಳುವುದು ಎಂತಹ ಸಮ್ಯಕ್ತ್ವ?

ನಿಜವಾದ ದುಶ್ರುತಿ ಇಲ್ಲವೆಂದಲ್ಲ. ಕೊಲ್ಲುವುದರಲ್ಲಿ ಸಂತೋಷಪಡುವುದು ಹಿಂಸಾನಂದವೆಂಬ ರೌದ್ರಧ್ಯಾನ. ಕೊಂದಷ್ಟೂ ಅಂಕ ನೀಡುವ ಮೊಬೈಲಿನ ಆಟವನ್ನು, ದ್ವೇಷವನ್ನೇ ಶೌರ್ಯವೆಂದು ತೋರಿಸುವ ಚಲನಚಿತ್ರವನ್ನು, ಅತ್ತೆ ಸೊಸೆಯರ ಕುತಂತ್ರವನ್ನೇ ಉಣಬಡಿಸುವ ಧಾರಾವಾಹಿಯನ್ನು ಇದೇ ಒರೆಗಲ್ಲಿಗೆ ಹಚ್ಚಬೇಕು. ಆದರೆ ಇವು ಮನೆಯ ನಡುಮನೆಯಲ್ಲಿ, ಹಿರಿಯರ ಸಮ್ಮುಖದಲ್ಲಿಯೇ ನಡೆಯುತ್ತವೆ. ಪ್ರಶ್ನೆಗೊಳಗಾಗುವುದು ಮಾತ್ರ ಮೂಲೆಯಲ್ಲಿ ಕುಳಿತು ಓದುವ ಮಗು.

ಕಥೆಯ ಪಿಶಾಚಿಗಿಂತ ಮಿಗಿಲಾದ ಹಿಂಸೆ ಎಲ್ಲಿದೆಯೆಂಬುದನ್ನು ಅರಿಯಲು ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆಯ ಕಡೆಗೊಮ್ಮೆ ದೃಷ್ಟಿ ಹಾಯಿಸಬಹುದು. ಹಿಪ್ಪುನೇರಳೆಯ ಸೊಪ್ಪು ತಿಂದು ಬೆಳೆದ ಹುಳುಗಳು ಚಂದ್ರಿಕೆಯ ಮೇಲೆ ಗೂಡು ಕಟ್ಟುವ ಸೀಮೆಯದು; ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ನಾಡಿಗೆಲ್ಲ ಪರಿಚಿತ. ಹುಳು ಚಿಟ್ಟೆಯಾಗಿ ಹೊರಬಂದರೆ ಗೂಡು ತೂತಾಗಿ ಎಳೆ ತುಂಡಾಗುತ್ತದೆ. ಆದುದರಿಂದ ಅಖಂಡವಾದ ಎಳೆ ಬೇಕೆಂದರೆ ಒಳಗಿನ ಜೀವವನ್ನು ಆವಿಯಿಂದಲೋ ಬಿಸಿಗಾಳಿಯಿಂದಲೋ ಕುದಿನೀರಿನಿಂದಲೋ ಕೊಲ್ಲಲೇಬೇಕು. ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು. ಅಲ್ಲಿನ ರೈತರದು, ನೂಲು ಬಿಚ್ಚುವವರದು ಹೊಟ್ಟೆಪಾಡು. ಅವರನ್ನು ದೂಷಿಸುವ ಅಧಿಕಾರ ರೇಷ್ಮೆಯನ್ನು ಕೊಳ್ಳುವವರಿಗಿಲ್ಲ. ಆದರೆ ಅದೇ ರೇಷ್ಮೆಯನ್ನುಟ್ಟು ಜಿನಬಿಂಬದ ಮುಂದೆ ನಿಂತು, ಯಾರ ರಕ್ತವನ್ನೂ ಹೀರದ ಕಾಗದದ ಪಿಶಾಚಿಯಿಂದ ಅಹಿಂಸೆಗೆ ಕೇಡೆಂದು ನುಡಿಯುವ ಶ್ರಾವಕನು ಒಮ್ಮೆ ತನ್ನ ಉತ್ತರೀಯವನ್ನು ಮುಟ್ಟಿ ನೋಡಿಕೊಳ್ಳಬೇಡವೆ? ಹಸಿದ ಮೊಲಕ್ಕಾಗಿ ಮರುಗಿದ ಮಗುವೇ ನಾಳೆ, ಈ ಬಟ್ಟೆಗಾಗಿ ಎಷ್ಟು ಜೀವ ಹೋಯಿತು ಎಂದು ಕೇಳುವುದು. ಆ ಪ್ರಶ್ನೆಗೆ ಹೆದರಬೇಕಾದವರು ಯಾರೆಂಬುದು ಸ್ಪಷ್ಟ.

ಬಸದಿಗಳ ವಿಶ್ವಸ್ತ ಮಂಡಳಿಗಳು ಈ ವಿಷಯದಲ್ಲಿ ನಿಷೇಧದ ಸುಲಭಮಾರ್ಗವನ್ನು ಬಿಡಬೇಕು. ಪಂಚಕಲ್ಯಾಣಗಳಿಗೂ ಸ್ಮರಣ ಸಂಚಿಕೆಗಳಿಗೂ ಧಾರಾಳವಾಗಿ ದ್ರವ್ಯ ವಿನಿಯೋಗಿಸುವವರು, ಯಶೋಧರನ ಕಥೆಯನ್ನೋ ಗುಳ್ಳಕಾಯಜ್ಜಿಯ ಕಥೆಯನ್ನೋ ಎಂಟು ವರ್ಷದ ಮಗು ತಾನೇ ಓದಿ ನಲಿಯುವಂತೆ, ಒಳ್ಳೆಯ ಚಿತ್ರಗಳೊಡನೆ ತಿಳಿಗನ್ನಡದಲ್ಲಿ ಅಚ್ಚು ಹಾಕಿಸಲು ಮನಸ್ಸು ಮಾಡಲಿ. ಮಕ್ಕಳ ಕಪಾಟಿನಲ್ಲಿ ಅವುಗಳ ಪಕ್ಕಕ್ಕೆ ಆ ಮೊಲವೂ ಕಿನ್ನರಿಯ ಮಗಳೂ ಇರಲಿ. ಹಿರಿಯರು ಪುಸ್ತಕವನ್ನು ಕಿತ್ತುಕೊಳ್ಳುವ ಬದಲು ಮಗುವಿನ ಜೊತೆಗೆ ಕುಳಿತು ಓದಲಿ. ಇಲ್ಲಿ ಯಾರಿಗೆ ನೋವಾಯಿತು, ಯಾರು ಮರುಗಿದರು ಎಂದು ಕೇಳಲಿ. ಕ್ರೌರ್ಯವನ್ನು ಕಂಡು ನಗಿಸುವ ಪುಸ್ತಕ ಎಷ್ಟೇ ಸಜ್ಜನರ ವೇಷದಲ್ಲಿ ಬಂದರೂ ಹೊರಗಿರಲಿ. ಕರುಣೆಯನ್ನು ಕಲಿಸುವ ಪುಸ್ತಕ ಪಿಶಾಚಿಯ ವೇಷದಲ್ಲಿ ಬಂದರೂ ಒಳಗೆ ಬರಲಿ. ಸಮಂತಭದ್ರರ ಅಳತೆಗೋಲು ಬೇಡುವುದು ಇದನ್ನೇ.