ಆಪರೇಷನ್ ತುಮಕೂರಲ್ಲಿ, ಡ್ರೆಸಿಂಗ್ ಎಲ್ಲಿ? ಮೂಳೆ ಮುರಿದವರ ಮುಂದಿನ ಮೂರು ತಿಂಗಳ ಲೆಕ್ಕ

ಮಧುಗಿರಿ: 2022ರ ಮಾರ್ಚ್ 19ರಂದು ಪಾವಗಡ ತಾಲ್ಲೂಕಿನ ಪಳವಳ್ಳಿ ಬಳಿ ಖಾಸಗಿ ಬಸ್ ಉರುಳಿ ವಿದ್ಯಾರ್ಥಿಗಳು ಪ್ರಾಣ ಕಳ್ಕೊಂಡರು. ಅದೇ ವರ್ಷ ಆಗಸ್ಟ್ 25ರಂದು ಶಿರಾ ತಾಲ್ಲೂಕಿನ ಹೆದ್ದಾರಿಯಲ್ಲಿ, ರಾಯಚೂರು ಕಡೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟಿದ್ದ 9 ಮಂದಿ ಸತ್ತರು. ಸತ್ತವರ ಲೆಕ್ಕ ಸುದ್ದಿಯಾಯ್ತು. ಕೈಕಾಲು ಮುರಿದುಕೊಂಡು ಬದುಕಿದವರ ಕಥೆ ಆಸ್ಪತ್ರೆ ಬಾಗಿಲಿಗೇ ನಿಂತುಹೋಯ್ತು.

ನೆರವು ದಿನಗಳದ್ದು, ಗಾಯ ತಿಂಗಳುಗಳದ್ದು

ಗುಬ್ಬಿ ತಾಲ್ಲೂಕಿನ ಹರೀಶ್ ಹೆಸರಲ್ಲಿ 2016ರಲ್ಲಿ ರಾಜ್ಯ ತಂದ ಯೋಜನೆ ಮೊದಲ 48 ಗಂಟೆಯ ಚಿಕಿತ್ಸೆಗೆ, 25 ಸಾವಿರ ರೂಪಾಯಿವರೆಗೆ. ಕೇಂದ್ರ 2025ರ ಮೇನಲ್ಲಿ ತಂದದ್ದು 7 ದಿನಕ್ಕೆ, ಒಂದೂವರೆ ಲಕ್ಷದವರೆಗೆ. ಎರಡೂ ಜೀವ ಉಳಿಸೋಕೆ ಬೇಕಾದವೇ. ಆದರೆ ಮೊಣಕಾಲ ಕೆಳಗಿನ ದಪ್ಪ ಮೂಳೆ ಕೂಡಲು ಮೂರ್ನಾಲ್ಕು ತಿಂಗಳಾದರೂ ಬೇಕು. ಎಂಟನೇ ದಿನದಿಂದ ರೋಗಿ ಮನೆಯವರ ಪಾಲು.

ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿ.ಮೀ. ರಾಡ್ ಹಾಕಿದ ಕಾಲು ಚಾಚಿಕೊಂಡು ಬಸ್ಸಲ್ಲಿ ಹೋಗೋಕಾಗಲ್ಲ, ಕಾರು ಬಾಡಿಗೆ ಕೊಡೋಕೂ ಆಗಲ್ಲ. ಅಂಗಡಿ ಬಾಗಿಲು ಹಾಕಿ ಮಲಗಿದವನಿಗೆ ಅದು ದೊಡ್ಡ ಖರ್ಚೇ. 'ಮುಂದಿನ ವಾರ ಹೋದರಾಯ್ತು' ಅಂತ ಡ್ರೆಸಿಂಗ್ ತಪ್ಪುತ್ತೆ. ಕೀವು ಮೂಳೆಗೆ ಇಳಿದರೆ ಮತ್ತೆ ಆಪರೇಷನ್. ಸಕ್ಕರೆ ಕಾಯಿಲೆಯೂ ಇದ್ದರೆ ಕಾಲೇ ತೆಗೆಯೋ ಸ್ಥಿತಿ ಬರಬಹುದು.

ನರ್ಸ್ ಕಣ್ಣು ನೋಡೋದೇನು?

ಡ್ರೆಸಿಂಗ್ ಅಂದ್ರೆ ಬಟ್ಟೆ ಬದಲಿಸೋದಷ್ಟೇ ಅಲ್ಲ. ಬೆರಳು ತಣ್ಣಗಿದೆಯಾ, ನೀಲಿಯಾಗಿದೆಯಾ, ಜುಮ್ ಅಂತಿದೆಯಾ, ಗಾಯ ವಾಸನೆ ಬರ್ತಿದೆಯಾ, ಜ್ವರ ಇದೆಯಾ ಅಂತ ನೋಡಬೇಕು. ಪಟ್ಟಿನ ಒಳಗೆ ತಡೆಯಲಾಗದ ನೋವು, ಬೆರಳು ಮರಗಟ್ಟಿದರೆ ರಕ್ತ ಓಡಾಟ ನಿಂತಿರಬಹುದು; ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ನಾಟಿ ಕಟ್ಟು ಬಿಗಿಯಾದರೂ ಇದೇ ಅಪಾಯ. ಚರ್ಮ ಹರಿದು ಮೂಳೆ ಕಂಡರೆ ಕಟ್ಟಿಸೋಕೆ ಹೋಗಲೇಬಾರದು.

ಕಾಲು ತೆಗೆದವರ ಮೊಣಕಾಲ ಕೆಳಗೆ ದಿಂಬಿಡೋದು ಮನೆಯವರ ಪ್ರೀತಿ. ಆದರೆ ಕೀಲು ಮಡಿಚಿದಂಗೇ ಬಿಗಿದುಕೊಂಡರೆ ಮುಂದೆ ಕೃತಕ ಕಾಲು ಕೂರಲ್ಲ. ಹಂಗೆ ಹೇಳೋರೇ ಇಲ್ಲ.

ದಾರಿ ಊರಲ್ಲೇ ಇದೆ

ಹಳ್ಳಿಯ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿರುವ ಸಮುದಾಯ ಆರೋಗ್ಯ ಅಧಿಕಾರಿಗಳು ನರ್ಸಿಂಗ್ ಓದಿದವರು. ಅವರಿಗೆ ಸ್ಟೆರೈಲ್ ಡ್ರೆಸಿಂಗ್ ಸಾಮಾನು, ಆಪರೇಷನ್ ಮಾಡಿದ ಡಾಕ್ಟರನ್ನು ಕೇಳೋಕೆ ಒಂದು ಫೋನ್ ನಂಬರ್, ರೋಗಿ ಕೈಗೆ ಕನ್ನಡದಲ್ಲಿ ಡಿಸ್ಚಾರ್ಜ್ ಚೀಟಿ ಸಿಕ್ಕರೆ ಅರ್ಧ ಓಡಾಟ ತಪ್ಪುತ್ತೆ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ತಾಲ್ಲೂಕು ಆರೋಗ್ಯಾಧಿಕಾರಿಗಳು, ಶಾಸಕರು ಮನಸ್ಸು ಮಾಡಬೇಕು. ಮುಂದಿನ ಗ್ರಾಮಸಭೆಯಲ್ಲಿ ನೀವೂ ಕೇಳಿ: ನಮ್ಮೂರಲ್ಲಿ ಡ್ರೆಸಿಂಗ್ ಯಾವತ್ತಿಂದ?